ಚೈನ್ ತೊಳೆದ ಕೈ

ಮೋಟಾರ್ ಸೈಕಲ್ಲಿನ ಚೈನನ್ನು ಮನೆಯಲ್ಲೇ ತೊಳೆದು ಎಣ್ಣೆ ಬಿಡುವುದು ರೇಷ್ಮೆ ವಿಸ್ತರಣಾಧಿಕಾರಿಯ ಕೆಲಸಗಳ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಈ ನಾಲ್ಕು ತಾಲ್ಲೂಕುಗಳ ಹಳ್ಳಿ ರಸ್ತೆಗಳಲ್ಲಿ ಕೆಲಸ ಮಾಡಬೇಕಾದವನಿಗೆ ಅದು ಹುಳುವಿನ ರೋಗ ಗುರುತಿಸುವಷ್ಟೇ ಮುಖ್ಯವಾಗಿತ್ತು. ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕೆಲವರು ಈಚೆಗೆ ಮನೆಗೆ ಬಂದಿದ್ದಾಗ, ಕೆಲಸ ನಿಜವಾಗಿ ಹೇಗಿತ್ತು ಹೇಳಿ ಸರ್ ಎಂದರು. ನನಗೆ ಮೊದಲು ಹೊಳೆದದ್ದು ಚೈನು. ಅವರು ಮುಖ ಮುಖ ನೋಡಿಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುವಾಗ, ನೋಡಿದ್ದನ್ನು ನೋಡಿದ ಹೊತ್ತಿನಲ್ಲೇ ಬರೆದಿಡದಿದ್ದರೆ ಅದು ಪುರಾವೆಯಲ್ಲ ಎಂದು ಮೇಷ್ಟರೊಬ್ಬರು ತಲೆಗೆ ತುಂಬಿದ್ದರು. ಡೈರಿ ಬರೆಯುತ್ತಿದ್ದೆ ನಿಜ. ಆದರೆ ಬೇಕಾದ ವಿಷಯವೇ ಅದರಲ್ಲಿಲ್ಲ. ಉಳಿದದ್ದಕ್ಕೆ ನನ್ನ ಹೆಂಡತಿ ಶಾರದಳನ್ನು ಕೇಳುತ್ತೇನೆ. ಅವಳು ಬೇರೆಯೇ ಹೇಳುತ್ತಾಳೆ. ಇಬ್ಬರ ಮಾತೂ ಕೂಡಿಬಂದಾಗ, ಇಷ್ಟು ವರ್ಷ ಒಟ್ಟಿಗಿದ್ದು ಇಬ್ಬರೂ ಒಂದೇ ತಪ್ಪನ್ನು ನೆನಪಿಟ್ಟುಕೊಂಡಿರಬಹುದು ಎಂಬ ಅನುಮಾನವೂ ಬರುತ್ತದೆ.

ಹುಣಸೂರಿನಲ್ಲಿ ಬಾಡಿಗೆ ಮನೆ ಮಾಡಿದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ಕೊಂಡದ್ದು ನೂರು ಸಿಸಿಯ ಒಂದು ಗಾಡಿ. ಆರು ತಿಂಗಳಲ್ಲೇ ಅದರ ಚೈನು ಕಟಕಟ ಎನ್ನತೊಡಗಿತು. ಬಸ್ ನಿಲ್ದಾಣದ ಹಿಂದೆ ಅಂಗಡಿ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಚೈನಿಗೆ ಬೆರಳಿಟ್ಟು ನೋಡಿ ನಕ್ಕಿದ್ದ.

"ಏನ್ ಸಾ, ಇದ್ರಲ್ಲಿ ಎಣ್ಣೆಗಿಂತ ಎಚ್.ಡಿ. ಕೋಟೆ ಮಣ್ಣೇ ಜಾಸ್ತಿ ಐತೆ. ರಾಗಿ ಬಿತ್ತುದ್ರೆ ಮೊಳೀತದೆ."

ಅವನು ಹೇಳಿಕೊಟ್ಟ ಕ್ರಮ ಇದು. ಗಾಡಿಯನ್ನು ನಡುಸ್ಟ್ಯಾಂಡಿಗೆ ಹಾಕಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಎಂಜಿನ್ ಓಡುವಾಗ ಚೈನಿಗೆ ಬಟ್ಟೆ ಹಿಡಿದು ಬೆರಳಿನ ತುದಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಇದು ಮಾತ್ರ ಖಚಿತ ನೆನಪು. ಕೆಳಗೆ ಹಳೆಯ ಪತ್ರಿಕೆ ಹಾಸಿ, ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ ಇಟ್ಟುಕೊಂಡು, ಹಲ್ಲುಜ್ಜಿ ಬಿಟ್ಟ ಬ್ರಷ್ಷನ್ನು ಅದ್ದಿ, ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸುತ್ತ ಕೊಂಡಿ ಕೊಂಡಿಯನ್ನೂ ಉಜ್ಜಬೇಕು. ಕಪ್ಪು ನೀರು ಇಳಿಯುವುದು ನಿಂತ ಮೇಲೆ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಬೇಕು. ಆಮೇಲೆ ಗೇರ್ ಎಣ್ಣೆಯನ್ನು ಚೈನಿನ ಒಳಮಗ್ಗುಲಿಗೆ ಹನಿ ಹನಿಯಾಗಿ ಬಿಡಬೇಕು. ಹೊರಮಗ್ಗುಲಿಗೆ ಬಿಟ್ಟದ್ದು ಚಕ್ರ ತಿರುಗಿದಾಗ ಸಿಡಿದು ಹೋಗುತ್ತದೆ, ಒಳಗೆ ಬಿಟ್ಟದ್ದು ಕೊಂಡಿಗಳ ನಡುವೆ ಸೇರುತ್ತದೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ: ಸ್ವಲ್ಪ ದೂರ ಓಡಿಸಿದ ಮೇಲೆ ಗಾಡಿ ನಿಲ್ಲಿಸಿ, ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡಬೇಕು. ಇಲ್ಲದಿದ್ದರೆ ಅದೇ ಎಣ್ಣೆ ದೂಳನ್ನು ಕರೆದು ಕೂರಿಸಿಕೊಳ್ಳುತ್ತದೆ.

ಇದನ್ನು ಕಲಿಯುವ ಮುಂಚೆ ಮಾಡಿದ ತಪ್ಪುಗಳು ಬೇಕಾದಷ್ಟು. ಎಚ್.ಡಿ. ಕೋಟೆಯ ಕಡೆ ರೈತರೊಬ್ಬರ ಮನೆಯಲ್ಲಿ ನಾನು ಊಟಕ್ಕೆ ಕೂತಿದ್ದಾಗ, ಮನೆಯ ಯಜಮಾನ ಗಾಡಿಯ ಚೈನು ಒಣಗಿರುವುದನ್ನು ಕಂಡು ಮರುಕಪಟ್ಟು, ಎತ್ತಿನಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆಯನ್ನು ಧಾರಾಳವಾಗಿ ಬಳಿದುಬಿಟ್ಟಿದ್ದರು. ಹರಳೆಣ್ಣೆಗೆ ಹುಲ್ಲಿನ ಕರಿ ಕಲಸಿದ ಆ ಅಂಟು ದಾರಿಯ ದೂಳನ್ನೆಲ್ಲ ಹಿಡಿದು, ಊರು ಸೇರುವ ಹೊತ್ತಿಗೆ ಚೈನು ಹಗ್ಗದಂತಾಗಿತ್ತು. ಬೈಯಲು ಮನಸ್ಸು ಬರಲಿಲ್ಲ. ಮುಂದಿನ ಸಲ ಅವರು, "ಈಗ ಸದ್ದೇ ಇಲ್ವಲ್ಲಾ ಸಾ?" ಎಂದು ಕೇಳಿದಾಗ, "ಇಲ್ಲ, ಬಹಳ ಚೆನ್ನಾಗಿದೆ" ಎಂದೆ.

ಇನ್ನೊಮ್ಮೆ, ಅಲುಗಾಡಿ ಸದ್ದು ಮಾಡುತ್ತದೆಂದು ಚೈನಿನ ಕವರನ್ನು ಬಿಚ್ಚಿ ಮನೆಯಲ್ಲಿಟ್ಟಿದ್ದೆ. ಅದೇ ವಾರ ನಮ್ಮ ಸಹಾಯಕ ನಿರ್ದೇಶಕರ ಜೀಪು ಕೆಟ್ಟು, ಅವರು ನನ್ನ ಹಿಂದೆ ಕೂತು ಕೆ.ಆರ್. ನಗರಕ್ಕೆ ಬರಬೇಕಾಯಿತು. ಬಿಳಿ ಪ್ಯಾಂಟು. ಇಳಿದಾಗ ಎಡಗಾಲಿನ ಮೇಲೆ ಮಂಡಿಯಿಂದ ಹಿಮ್ಮಡಿಯವರೆಗೆ ಎಣ್ಣೆಯ ಚುಕ್ಕೆಗಳ ಸಾಲು. ಅವರು ಕಾಲನ್ನು ಎತ್ತಿ ನೋಡಿ, "ಏನ್ರೀ, ನಾನು ಎಲ್ಲದಕ್ಕೂ ಸಹಿ ಹಾಕ್ತೀನಿ ಅಂತ ನಿಮ್ಮ ಗಾಡಿ ನನಗೇ ಸಹಿ ಹಾಕಿದೆಯಲ್ರೀ" ಎಂದರು. ಆ ಸಾಹೇಬರ ಬಗ್ಗೆ ಮುಂದೆ ಇನ್ನೊಂದು ಮಾತು ಬರುತ್ತದೆ.

ಇನ್ನು ಹುಳುವಿನ ವಿಷಯ. ಈಗ ಎರಡನೆಯ ಜ್ವರ ಎದ್ದ ಹುಳುಗಳನ್ನೇ, ಮರಿಹುಳು ಸಾಕುವ ಚಾಕಿ ಕೇಂದ್ರದಿಂದ ರೈತರಿಗೆ ಕೊಡುತ್ತಾರೆ. ಜ್ವರವೆಂದರೆ ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು ಮಲಗುವುದು. ನಾನು ಸೇರಿದಾಗ ಮೊಟ್ಟೆಯನ್ನೇ ಕೊಡುತ್ತಿದ್ದೆವು. ಸಾಸಿವೆಯಷ್ಟು ಮೊಟ್ಟೆಯಿಂದ ಬೆರಳುದ್ದದ ಹುಳುವಾಗುವವರೆಗೂ ಮನೆಯ ಹೆಂಗಸರೇ ಸಾಕಬೇಕು. ಈಗ ರೆಂಬೆಸಮೇತ ಸೊಪ್ಪು ಹಾಕಿಬಿಡುತ್ತಾರೆ, ಹುಳುವನ್ನು ಮುಟ್ಟುವ ಪ್ರಮೇಯವೇ ಕಡಿಮೆ. ಆಗ ಬಿದಿರಿನ ತಟ್ಟೆಗಳಲ್ಲಿ ಎಲೆ ಎಲೆಯಾಗಿ ಹಾಕಬೇಕಿತ್ತು, ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಬೇಕಿತ್ತು. ಹಾಗಾಗಿ ನಾವು ಹಳ್ಳಿ ಹಳ್ಳಿಗೂ ಹೋಗಿ ಸಾರುತ್ತಿದ್ದ ಮೊದಲ ಪಾಠ ಒಂದೇ: ಹುಳುಮನೆಯ ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ನೀರು ಇಡಿ, ಯಾರೇ ಬರಲಿ ಕೈ ಅದ್ದದೆ ಒಳಗೆ ಬಿಡಬೇಡಿ.

ಹುಣಸೂರು ತಾಲ್ಲೂಕಿನ ಗುರುಪುರದ ಆಚೆಗಿನ ಒಂದು ಊರಿನ ಚೆಲುವಮ್ಮ ಈ ಪಾಠವನ್ನು ನಮಗಿಂತ ಚೆನ್ನಾಗಿ ಕಲಿತಿದ್ದಳು. ಏಳನೆಯ ತರಗತಿಯವರೆಗೆ ಓದಿದ್ದಳು. ಗಂಡ ಕೊಡಗಿನ ಕಾಫಿ ತೋಟದಲ್ಲಿ ಮೇಸ್ತ್ರಿ, ಹದಿನೈದು ದಿನಕ್ಕೊಮ್ಮೆ ಬರುವವನು. ಮನೆಯ ಹಿಂದಿನ ಅರ್ಧ ಎಕರೆಗೆ ಹಿಪ್ಪುನೇರಳೆ ಹಾಕಿ, ನಡುಮನೆಯನ್ನು ಹುಳುಮನೆ ಮಾಡಿಕೊಂಡು, ಒಬ್ಬಳೇ ಬೆಳೆ ತೆಗೆಯುತ್ತಿದ್ದಳು. ಅತ್ತೆಯನ್ನೂ ಕೈ ಅದ್ದಿಸಿಯೇ ಒಳಗೆ ಬಿಡುತ್ತಿದ್ದಳಂತೆ.

ಪಕ್ಕದ ಹೊಲ ಗಂಡನ ಅಣ್ಣ ನಿಂಗೇಗೌಡರದು. ಆ ಕಡೆಯ ಎಲ್ಲರಂತೆ ಅವರದೂ ಹೊಗೆಸೊಪ್ಪು. ಪಂಪ್‌ಸೆಟ್ಟು ಅವರದೇ. ಮಳೆ ನಿಂತ ಮೇಲೆ ಚೆಲುವಮ್ಮನ ತೋಟಕ್ಕೆ ಅವರ ನೀರೇ ಗತಿ. ಆದರೆ ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಪದ್ಧತಿ ಅವರ ಮನೆಯಲ್ಲಿರಲಿಲ್ಲ. ಅವಳಿಗೆ ನೀರು ಬೇಕಾದರೆ ಬಾಗಿಲ ಹಿಂದೆ ನಿಂತು ಅತ್ತೆಗೆ ಕೇಳುವಂತೆ, "ತ್ವಾಟ ಒಣಗ್ತಾ ಐತೆ" ಎನ್ನುವಳು. ಗೌಡರು ಜಗಲಿಯ ಕಂಬದ ಕಡೆ ತಿರುಗಿ, "ನಾಳಿಕ್ ಬುಟ್ರಾಯ್ತು" ಎನ್ನುವರು. ಹಾಗೆ ನಡೆಯುತ್ತಿತ್ತು.

ಒಂದು ಆಗಸ್ಟಿನ ಬೆಳಗ್ಗೆ ನಾನು ಅಲ್ಲಿಗೆ ಹೋದೆ. ಅಂದು ಹೊರಡುವ ಮುಂಚೆ ಚೈನು ತೊಳೆದಿದ್ದೆ. ಭಾನುವಾರ ಎಂದು ನನ್ನ ನೆನಪು. ಭಾನುವಾರ ನೀವು ಯಾವತ್ತು ಹಳ್ಳಿಗೆ ಹೋಗಿದ್ದೀರಿ ಎಂದು ಶಾರದ. ಸೋಪಿನ ಪುಡಿಯಲ್ಲಿ ಕೈ ಉಜ್ಜಿ ತೊಳೆದೆನೆಂದು ಬಹಳ ಕಾಲ ನಂಬಿದ್ದೆ. ನೊರೆ ಕೂಡ ಕಣ್ಣ ಮುಂದಿದೆ. ಆದರೆ ಅದು ಯಾವ ದಿನದ ನೊರೆ?

ಚೆಲುವಮ್ಮನ ಹುಳುಗಳು ನಾಲ್ಕನೆಯ ಜ್ವರ ಎದ್ದು ಎರಡು ದಿನವಾಗಿತ್ತು. ಇಪ್ಪತ್ತು ತಟ್ಟೆ. ಕೋಣೆ ತುಂಬ ಅವು ಸೊಪ್ಪು ಮೇಯುವ ಸದ್ದು, ಹೊರಗೆ ಸೋನೆ ಮಳೆ ಹಿಡಿದಂತೆ. ಅವಳು ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಾಲ ಬಳಿ ಬ್ಲೀಚಿಂಗ್ ನೀರಿನ ಬೋಗುಣಿ. ನಾನು ಅದನ್ನು ದಾಟಿಕೊಂಡು ಒಳಗೆ ಹೋದೆ. ಅವಳು ಬೋಗುಣಿಯನ್ನು ಒಂದು ಸಲ ನೋಡಿ ದಾರಿ ಬಿಟ್ಟಳು. ಸಾಹೇಬರಿಗೆ ಕೈ ತೊಳಿ ಎನ್ನುವುದುಂಟೇ?

"ಹುಳ ಒತ್ತೊತ್ತಾಗಿವೆಯಲ್ಲಮ್ಮ" ಎಂದು ಬಾಗಿಲ ಪಕ್ಕದ ಐದು ತಟ್ಟೆಗಳನ್ನು ಕೆಳಗಿಳಿಸಿ, ಎರಡೂ ಕೈಯಲ್ಲಿ ಹುಳುಗಳನ್ನು ಬಿಡಿಸಿ ಹರಡಿ, ನಾನೇ ಸೊಪ್ಪನ್ನೂ ಹಾಕಿ ತೋರಿಸಿದೆ. "ಹೀಗೆ ಮಾಡು" ಎಂದೆ. "ಆಯ್ತು ಸಾ" ಎಂದಳು.

ಮರುದಿನ ಮಧ್ಯಾಹ್ನ ಕಚೇರಿಗೆ ಸುದ್ದಿ ಬಂತು. ಹೋಗಿ ನೋಡಿದರೆ ಐದು ತಟ್ಟೆಯ ಹುಳುಗಳು ತಲೆಯೆತ್ತಿ ತೂಗುತ್ತ, ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಅರ್ಧಕ್ಕರ್ಧ ಸತ್ತಿದ್ದವು. ಚೆಲುವಮ್ಮ ಸತ್ತವನ್ನು ಆರಿಸಿ ಮೊರಕ್ಕೆ ಹಾಕುತ್ತಿದ್ದಳು, ಒಂದೊಂದನ್ನೂ ಅಂಗೈಯಲ್ಲಿಟ್ಟು ಅಲುಗುತ್ತದೆಯೋ ನೋಡಿ. ನನಗೆ ಪಠ್ಯಪುಸ್ತಕದ ಪುಟವೇ ಕಣ್ಮುಂದೆ ಬಂತು: ಹೊಗೆಸೊಪ್ಪಿನ ನಂಜು ತಗುಲಿದ ಹುಳುವಿನ ಲಕ್ಷಣಗಳು. ಕಿಟಕಿಯಾಚೆ ನೋಡಿದೆ. ಬೇಲಿಗೆ ಒತ್ತಿ ಸೊಂಟದೆತ್ತರದ ಹೊಗೆಸೊಪ್ಪು.

"ಇದು ತಂಬಾಕಿನ ಗಾಳಿ" ಎಂದೆ. ಚೆಲುವಮ್ಮ ತಲೆಯೆತ್ತಿ ಒಂದು ಸಲ ನನ್ನನ್ನು ನೋಡಿ, ಮತ್ತೆ ಮೊರದ ಕಡೆ ಬಗ್ಗಿದಳು.

ನಿಂಗೇಗೌಡರು ಜಗಲಿಯ ಹತ್ತಿರ ಬಂದು ನಿಂತಿದ್ದರು. "ಅಲ್ಲ ಸಾ, ಮೂರು ವರ್ಷದಿಂದ ಒಗೆಸೊಪ್ಪು ಅಲ್ಲೇ ಐತೆ. ಇವ್ಳ ಹುಳಾನೂ ಇಲ್ಲೇ ಅವೆ. ಈ ಸಲ ಮಾತ್ರ ಎಂಗೆ ಸತ್ವು?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನನ್ನ ಸೇವೆಯಲ್ಲಿ ಯಾವ ವಿಜ್ಞಾನಿಯೂ ಕೇಳಲಿಲ್ಲ. ನಾನು ಕೊಟ್ಟ ಉತ್ತರ: "ನೀವು ಓದಿದ್ದೀರಾ ಇದನ್ನೆಲ್ಲ?"

"ಇಲ್ಲ ಸಾ" ಎಂದರು.

ವರದಿಯನ್ನು ಅಲ್ಲೇ ಬರೆದುಕೊಟ್ಟೆ. ಅದನ್ನು ಹಿಡಿದು ಊರಿನ ಹಿರಿಯರು, ಬೇಲಿಯ ಮಗ್ಗುಲ ಮೂರು ಸಾಲನ್ನು ಕೀಳಬೇಕೆಂದರು. ಗೌಡರು ವಾದಿಸಲಿಲ್ಲ. ಎಲೆ ಮುರಿದು ಕೊಯ್ಲು ಮಾಡುವ ಹೊತ್ತಿನಲ್ಲಿ, ಸೊಂಟದೆತ್ತರ ಬಲಿತ ಗಿಡಗಳನ್ನು ತಾವೇ ಕಿತ್ತು ಬದುವಿಗೆ ಹಾಕಿದರು. ಆಮೇಲೆ ತಾಯಿಗೆ ಒಂದು ಮಾತು ಹೇಳಿದರಂತೆ: "ನನ್ ಗಾಳಿಯೇ ಇಸ ಆದ್ರೆ, ನನ್ ನೀರು ಎಂಗೆ ಆಯ್ತದೆ? ಅವ್ರ ನೀರು ಅವ್ರು ನೋಡ್ಕಳ್ಳಿ." ಜಗಲಿಯ ಕಂಬಕ್ಕೆ ಮಾತಾಡುವುದೂ ನಿಂತುಹೋಯಿತು. ಸೆಪ್ಟೆಂಬರ್ ಕಳೆದು ಮಳೆ ಹಿಂದೆಗೆದರೆ ಚೆಲುವಮ್ಮನ ತೋಟ ಒಣಗುತ್ತದೆ. ತೋಟ ಒಣಗಿದರೆ ಹುಳು ಸಾಕುವುದು ಅಲ್ಲಿಗೆ ಮುಗಿಯಿತು.

ನನಗೆ ಬುದ್ಧಿ ಬಂದದ್ದು ಎರಡು ಮೂರು ವಾರ ಕಳೆದ ಮೇಲೆ, ಮತ್ತೆ ಚೈನು ತೊಳೆಯುವಾಗ. ಬ್ರಷ್ಷಿನಿಂದ ಕೊಂಡಿಗಳನ್ನು ಉಜ್ಜುತ್ತ, ಗೌಡರ ಪ್ರಶ್ನೆಯನ್ನು ತಲೆಯಲ್ಲಿ ತಿರುಗಿಸುತ್ತ ಕೂತಿದ್ದೆ. ತಂಬಾಕಿನ ಗಾಳಿ ಬರುವುದು ಕಿಟಕಿಯಿಂದ. ಕಿಟಕಿಯ ಪಕ್ಕದ ತಟ್ಟೆಗಳಲ್ಲಿ ಒಂದು ಹುಳುವೂ ಸಾಯಲಿಲ್ಲ. ಸತ್ತದ್ದು ಬಾಗಿಲ ಪಕ್ಕದ ಐದು. ನಾನು ಮುಟ್ಟಿದ ಐದು. ಮೂಗಿನ ಹತ್ತಿರ ಕೈ ತಂದೆ. ಉಗುರು ಸಂದಿಯಲ್ಲಿ ಸೀಮೆಎಣ್ಣೆ.

ಡೈರಿ ತೆಗೆದು ನೋಡಿದೆ. "ಐದು ತಟ್ಟೆ ನಷ್ಟ. ಕಾರಣ ತಂಬಾಕು." ಯಾವ ಐದು, ಎಲ್ಲಿದ್ದವು, ಒಂದಕ್ಷರವಿಲ್ಲ. ಬಾಗಿಲ ಪಕ್ಕದ ತಟ್ಟೆಗಳೆಂಬುದು ನಿಜವಾದ ನೆನಪೋ, ತಪ್ಪಿನ ಅಳುಕು ಈಗ ಕಟ್ಟಿದ ಚಿತ್ರವೋ? ಅದಕ್ಕೇ ಪರೀಕ್ಷೆ ಮಾಡಿದೆ. ಗೊತ್ತಿದ್ದ ರೈತರೊಬ್ಬರಿಂದ ಎರಡು ಸಣ್ಣ ತಟ್ಟೆ ಹುಳು ತಂದು ಹಿತ್ತಲ ವರಾಂಡದಲ್ಲಿಟ್ಟೆ. ಒಂದಕ್ಕೆ ಶಾರದ ತೊಳೆದ ಕೈಯಲ್ಲಿ ಸೊಪ್ಪು ಹಾಕಿದಳು. ಇನ್ನೊಂದಕ್ಕೆ ನಾನು ಚೈನು ತೊಳೆದು, ಬಟ್ಟೆಯಲ್ಲಿ ಮಾತ್ರ ಒರೆಸಿಕೊಂಡ ಕೈಯಲ್ಲಿ ಹಾಕಿದೆ. ಮಾರನೆಯ ಬೆಳಗ್ಗೆ ಶಾರದ ತಟ್ಟೆಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ನನ್ನವು ಮೇಯ್ತಾ ಇವೆ ರೀ" ಎಂದಳು. ಇನ್ನೊಂದು ತಟ್ಟೆಗೆ ಹಳೆಯ ಪತ್ರಿಕೆ ಮುಚ್ಚಿ, "ನಿಮ್ಮವನ್ನ ನೋಡಬೇಡಿ" ಎಂದಳು.

ಎರಡೇ ತಟ್ಟೆಯ ಪರೀಕ್ಷೆ ಯಾವ ವಿಜ್ಞಾನ ಪತ್ರಿಕೆಗೂ ಸಾಲದು. ನನಗೆ ಸಾಕಾಗಿತ್ತು.

ಸಹಾಯಕ ನಿರ್ದೇಶಕ ಸಾಹೇಬರ ಬಳಿ ಹೋಗಿ, ವರದಿ ತಿದ್ದಬೇಕು ಎಂದೆ. ಅವರು ಬಾಗಿಲು ಮುಂದೆ ಮಾಡಿ ಕೂರಿಸಿದರು. "ತಪ್ಪನ್ನ ಸರಿಮಾಡಬೇಕು ರೀ, ಫೈಲಿಗೆ ಹಾಕಬಾರದು. ನಾಳೆ ಎಲ್ಲರೂ ಹುಳ ಸತ್ತದ್ದು ನಿಮ್ಮಿಂದಲೇ ಅಂತಾರೆ."

"ಇದು ನನ್ನಿಂದಲೇ ಸಾರ್."

ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದರು. "ನಿಮ್ಮ ಹೆಸರಲ್ಲಿ ಬರೀರಿ. ಗೌಡರ ಕೈಗೇ ಕೊಡಿ. ನನಗೊಂದು ಪ್ರತಿ ಕೊಡಿ. ಯಾರಾದರೂ ನಿಮ್ಮ ಮೇಲೆ ಬಂದರೆ ನಾನು ನೋಡ್ಕೋತೀನಿ." ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಇಂಥ ಒಬ್ಬ ಮೇಲಧಿಕಾರಿ ಸಿಗಲಿ ಎಂದು ಹಾರೈಸುತ್ತೇನೆ. ಪ್ಯಾಂಟಿನ ಕಲೆ ಹೋಗಲೇ ಇಲ್ಲ ಎಂದು ಹೊರಡುವಾಗ ಹೇಳಿದರು.

ಕಾಗದವನ್ನು ಮೂರು ಸಲ ಬರೆದು ಹರಿದೆ. ಮೊದಲನೆಯದರಲ್ಲಿ 'ಇರಬಹುದು' ತುಂಬ ಇದ್ದವು. ಕೊನೆಗೆ ಇಷ್ಟು ಉಳಿಯಿತು: ಮನೆಯಲ್ಲಿ ಬೈಕಿನ ಚೈನು ತೊಳೆದು, ಕೈ ಸರಿಯಾಗಿ ತೊಳೆಯದೆ ಹುಳು ಮುಟ್ಟಿದೆ, ಸೊಪ್ಪು ಹಾಕಿದೆ. ಹುಳು ಸತ್ತದ್ದು ಅದರಿಂದ. ನಿಂಗೇಗೌಡರ ಹೊಗೆಸೊಪ್ಪಿನಿಂದಲ್ಲ. ನೋಡದೆ ಬರೆದ ವರದಿಗೆ ಅವರ ಕ್ಷಮೆ ಕೇಳುತ್ತೇನೆ.

ಅಕ್ಟೋಬರಿನ ಒಂದು ಬಿಸಿಲಿನಲ್ಲಿ ಹೋದೆ. ದಾರಿಯಿಂದಲೇ ಕಂಡಿತು, ಚೆಲುವಮ್ಮನ ಹಿಪ್ಪುನೇರಳೆಯ ಕೆಳಗಿನ ಎಲೆಗಳು ಹಳದಿಯಾಗುತ್ತಿದ್ದವು. ಬದುವಿನ ಆಚೆ ಗೌಡರ ಪಂಪಿನ ನೀರು ಬೇರೆ ಹೊಲದ ಕಡೆ ಹರಿಯುತ್ತಿತ್ತು.

ಗೌಡರನ್ನು ತಮ್ಮನ ಮನೆಯ ಜಗಲಿಗೆ ಬರುವಂತೆ ಒಪ್ಪಿಸುವುದೇ ಕಷ್ಟವಾಯಿತು. ಬಂದು ಜಗಲಿಯ ಅಂಚಿನಲ್ಲಿ ಕೂತರು. ಕಾಗದ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇನ್ನೇನು ಕೀಳ್ಬೇಕಂತೆ ಸಾ? ಮೂರು ಸಾಲು ಕಿತ್ತಾಯ್ತಲ್ಲ."

"ಕೀಳುವುದೇನಿಲ್ಲ ಗೌಡರೇ. ಓದಿಸಿ ಕೇಳಿ."

"ನನ್ ಮನೇಲಿ ಓದೋರು ಯಾರವ್ರೆ? ನೀವೇ ಓದಿ."

ನಾನು ಓದಬಹುದಿತ್ತು. ಬೈಕಿನ ಕೀಲಿಯನ್ನು ಜೇಬಿನಿಂದ ತೆಗೆದು ಮತ್ತೆ ಒಳಗೆ ಹಾಕಿದೆ. ಬಾಗಿಲ ಹಿಂದೆ ಬಳೆ ಸದ್ದಾಯಿತು. ಕೈಯೊಂದು ಹೊರಬಂತು. ಗೌಡರು ಆ ಕೈಯನ್ನು ಒಂದು ಗಳಿಗೆ ನೋಡಿ, ಕಾಗದವನ್ನು ನನಗೆ ಕೊಟ್ಟರು. ನಾನು ಅವಳಿಗೆ ಕೊಟ್ಟೆ.

ಚೆಲುವಮ್ಮ ಬಾಗಿಲ ಮರೆಯಲ್ಲೇ ನಿಂತು, ಶಾಲೆಯಲ್ಲಿ ಓದುವಂತೆ ಅಕ್ಷರ ಅಕ್ಷರ ಬಿಡಿಸಿ ಓದಿದಳು. ಕೈ ಸರಿಯಾಗಿ ತೊಳೆಯದೆ ಎಂಬಲ್ಲಿ ನಿಂತಳು. ನಿಂಗೇಗೌಡರ ಹೊಗೆಸೊಪ್ಪಿನಿಂದಲ್ಲ ಎಂಬುದನ್ನು ಎರಡು ಸಲ ಓದಿದಳು. ಕ್ಷಮೆಯ ಸಾಲೂ ಮುಗಿಯಿತು. ಅದೇ ಕೊನೆಯ ಸಾಲು.

ಅವಳು ಓದುವುದನ್ನು ನಿಲ್ಲಿಸಲಿಲ್ಲ.

"ಸಾಹೇಬರು ಬಂದ ದಿನ ನಮ್ಮ ಅಂಗಳದಲ್ಲಿ ಗಾಡಿಯ ಚೈನನ್ನು ಬಟ್ಟೆಯಲ್ಲಿ ಒರೆಸಿದರು. ಅದೇ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಒಳಗೆ ಬಂದರು." ಅದೇ ಓದುವ ದನಿ. "ಸೀಮೆಎಣ್ಣೆ ವಾಸನೆ ಚೆಲುವಮ್ಮನಿಗೆ ಗೊತ್ತಾಯಿತು. ಸಾಹೇಬರಿಗೆ ಕೈ ತೊಳೀರಿ ಅನ್ನಲು ನಾಚಿಕೆಯಾಯಿತು. ಹುಳ ಸತ್ತ ಮೇಲಾದರೂ ಹೇಳಬಹುದಿತ್ತು. ಬೇಲಿ ಮಗ್ಗುಲ ಒಗೆಸೊಪ್ಪು ಹೋದರೆ ಹೋಗಲಿ ಎಂದು ಸುಮ್ಮನಿದ್ದಳು. ಭಾವನವರು ದೊಡ್ಡ ಮನಸ್ಸು ಮಾಡಬೇಕು."

ನಾನು ಅಂಗಳ ನೋಡಿದೆ. ಬೈಕು ನಿಂತಿತ್ತು. ಸ್ವಲ್ಪ ದೂರ ಓಡಿಸಿದ ಮೇಲೆ ನಿಲ್ಲಿಸಿ ಉಳಿದ ಎಣ್ಣೆ ಒರೆಸುವುದು ನನ್ನ ಅಭ್ಯಾಸ. ಅಂದು ಇದೇ ಅಂಗಳದಲ್ಲಿ ಒರೆಸಿದ್ದೆ. ನನ್ನ ತಲೆಯಲ್ಲಿ ಅದರ ಸುಳಿವೂ ಉಳಿದಿರಲಿಲ್ಲ. ಮನೆಯಲ್ಲಿ ತೊಳೆದೆನೋ ಇಲ್ಲವೋ ಎಂದು ವಾರಗಟ್ಟಲೆ ಕೊರಗಿದ ನೊರೆಗೆ ಅರ್ಥವೇ ಇರಲಿಲ್ಲ.

ಗೌಡರು ನನ್ನ ಕಡೆ ತಿರುಗಿದರು. "ಇದ್ನೂ ಬರ್ದಿದ್ದೀರಾ ಸಾ ಅದ್ರಲ್ಲಿ?"

ಬಾಗಿಲ ಮರೆಯಲ್ಲಿ ಕಾಗದ ಅಲುಗುವುದು ಕೇಳಿಸುತ್ತಿತ್ತು. ಬರೆಯದ್ದನ್ನು ಬರೆದಿದ್ದೇನೆ ಎನ್ನುವುದು ನಾನು ಕಲಿತ ವಿದ್ಯೆಗೆ ವಿರುದ್ಧ.

"ಬರೆದಿದ್ದೀನಿ ಗೌಡರೇ" ಎಂದೆ.

ಅವರು ಹೆಗಲ ಟವಲು ತೆಗೆದು ಮುಖ ಒರೆಸಿಕೊಂಡರು. ಬಹಳ ನಿಧಾನವಾಗಿ ಒರೆಸಿಕೊಂಡರು. ಎದ್ದು ಎರಡು ಮೆಟ್ಟಿಲು ಇಳಿದವರು ನಿಂತು, ಕಂಬದ ಕಡೆಗಲ್ಲ, ನೇರ ಬಾಗಿಲ ಕಡೆ ತಿರುಗಿದರು.

"ಚೆಲುವಾ, ನಾಳೆ ಒತ್ತಾರೆಗೆ ಕರೆಂಟ್ ಬತ್ತದೆ. ಬಂದು ನಿನ್ ತ್ವಾಟಕ್ಕೆ ನೀರು ತಿರುಗಿಸ್ಕೊ ಕಣವ್ವ. ಎಲೆ ಅಳ್ದಿ ಆಗ್ಯದೆ."

ಬಾಗಿಲ ಮರೆಯಿಂದ ಅವಳು ಒಂದು ಹೆಜ್ಜೆ ಹೊರಗೆ ಬಂದಳು.

"ಊಂ ಭಾವ" ಎಂದಳು.